ಕಂಬಳಿಹುಳು ಹೇಳುವುದು ಯಾವ ಮಳೆ?

ಮೈತುಂಬ ರೋಮ ಹೊತ್ತ ಪತಂಗದ ಮರಿಯೇ ಕಂಬಳಿಹುಳು. ಮೊಟ್ಟೆ, ಹುಳು, ಕೋಶ, ಪತಂಗ ಎಂದು ಅದರ ಬದುಕಿಗೆ ನಾಲ್ಕು ಹಂತ. ಇಷ್ಟು ನೆನಪಿದ್ದರೆ ಸಾಕು, ಎಡವುವುದೆಲ್ಲ ಮುಂದೆ.

ಕೋಸಗಿ, ಆದೋನಿ ಸೀಮೆಯಂಥ ಮಳೆ ನಂಬಿದ ಹೊಲಗಳಲ್ಲಿ ಶೇಂಗಾ ಮೇಯುವ ಕೆಂಪು ಕಂಬಳಿಹುಳುವಿಗೆ ಶಾಸ್ತ್ರದ ಹೆಸರು ಆಮ್ಸಾಕ್ಟಾ ಆಲ್ಬಿಸ್ಟ್ರೈಗಾ. ಈ ಹುಳು ಎದ್ದರೆ ಮಳೆ ಜೋರಾಗುತ್ತದೆ ಎನ್ನುವವರಿದ್ದಾರೆ. ಹುಳುವಿಗೂ ಮಳೆಗೂ ನಂಟಿರುವುದು ನಿಜ. ಯಾವುದು ಮೊದಲು, ಯಾವುದು ಆಮೇಲೆ ಎಂಬಲ್ಲಿ ಲೆಕ್ಕ ತಿರುವುಮುರುವಾಗಿದೆ.

ಬೆಳೆದ ಹುಳು ಹೊಲದ ಬದುವಿನಲ್ಲೋ ಮರದ ನೆರಳಲ್ಲೋ ಮಣ್ಣಿಗಿಳಿದು, 10ರಿಂದ 20 ಸೆಂಟಿಮೀಟರ್ ಆಳದಲ್ಲಿ ಕೋಶವಾಗುತ್ತದೆ. ಅಲ್ಲಿಗೆ ಬೆಳವಣಿಗೆ ಬಂದ್. ಚಳಿ ಹೋಗಿ, ಬಿರುಬಿಸಿಲು ಹೋಗಿ, ಹೆಚ್ಚೂಕಡಿಮೆ ಹತ್ತು ತಿಂಗಳು ಹಾಗೇ ಬಿದ್ದಿರುತ್ತದೆ. ತುಂತುರಿಗೆ ಅದು ಜಗ್ಗುವುದಿಲ್ಲ. ಮುಂಗಾರಿನ ದೊಡ್ಡ ಮಳೆ ಬಿದ್ದು ತೇವ ಅಷ್ಟಾಳ ಇಳಿದ ಮೇಲೆಯೇ ಪತಂಗ ಹೊರಬರುವುದು. ಕತ್ತಲಾಗುತ್ತಲೇ ಗುಂಪುಗುಂಪಾಗಿ ದೀಪಕ್ಕೆ ಮುತ್ತುತ್ತವೆ. ಒಂದನ್ನು ಹಿಡಿದು ನೋಡಿ: ಬಿಳಿ ರೆಕ್ಕೆ, ಮುಂದಿನ ಅಂಚಿಗೆ ಹಳದಿ ಪಟ್ಟೆ. ಬೆಳೆ ತಿನ್ನುವ ವಂಶವಾದರೂ ಚೆಲುವಿಗೆ ಕೊರತೆಯಿಲ್ಲ! ಹೆಣ್ಣು ಎಲೆಯಡಿಯಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಕೆಲವೇ ದಿನಕ್ಕೆ ಮರಿ. ಅಂದರೆ ಬಲಿತ ಹುಳು ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದನ್ನು ಎಬ್ಬಿಸಿದ ಮಳೆ ಬಂದು ವಾರಗಳೇ ಆಗಿರುತ್ತವೆ.

ಮತ್ತೆ ಆ ಮಾತು ನಿಜವಾದಂತೆ ಕಾಣುವುದೇಕೆ? ಮುಂಗಾರು ಹಿಡಿದ ಕಾಲದಲ್ಲಿ ಒಂದು ಮಳೆಯ ಬೆನ್ನಿಗೆ ಇನ್ನೊಂದು ಬರುವುದು ಸಹಜ. ಮಳೆ ಕೈಕೊಟ್ಟ ವರ್ಷ ಹುಳುವಿನ ಮಾತನ್ನು ಯಾರೂ ಎತ್ತುವುದಿಲ್ಲ.

ಅಮೆರಿಕದವರದೂ ಇದೇ ಕಥೆ. ಅಲ್ಲಿನ ಕಂಬಳಿಹುಳುವಿನ ನಡುವಿನ ಕೆಂಗಂದು ಪಟ್ಟೆ ಕಿರಿದಾದರೆ ಚಳಿಗಾಲ ಕಠಿಣವಂತೆ. 1948ರಲ್ಲಿ ನ್ಯೂಯಾರ್ಕಿನ ಕೀಟತಜ್ಞ ಹೊವರ್ಡ್ ಕರ್ರನ್ ಹುಳುಗಳನ್ನು ಹಿಡಿದು ಪಟ್ಟೆ ಅಳೆದರು. ಪತ್ರಿಕೆಗಳು ಸುದ್ದಿ ಮಾಡಿ, ನಂಬಿಕೆ ದೇಶಕ್ಕೆಲ್ಲ ಹಬ್ಬಿತು. ಆದರೆ ಹುಳು ಪೊರೆ ಕಳಚಿದಂತೆಲ್ಲ ಆ ಪಟ್ಟೆ ಅಗಲವಾಗುತ್ತದೆ. ಅದರಲ್ಲಿ ಓದಬಹುದಾದ್ದು ಬಹುಪಾಲು ಹುಳುವಿನ ವಯಸ್ಸು, ಬರುವ ಚಳಿಯಲ್ಲ.

ಹಾಗೆಂದು ನಮ್ಮ ಹುಳುವನ್ನು ಸುಳ್ಳುಗಾರನೆನ್ನಬೇಡಿ. ಪತಂಗ ಎದ್ದಿತೆಂದರೆ ತೇವ ಕೋಶದ ಆಳಕ್ಕೆ ಮುಟ್ಟಿದೆ ಎಂದರ್ಥ. ಬಿತ್ತನೆಗೆ ಹದ ನೋಡುವ ರೈತನಿಗೆ ಇದು ಸಣ್ಣ ಸುದ್ದಿಯೇ? ಅಂದೇ ರಾತ್ರಿ ಹೊಲದಲ್ಲಿ ದೀಪದ ಬಲೆಯೋ ಬೆಂಕಿಯೋ ಹಾಕಿದರೆ ಮೊಟ್ಟೆಯಿಡುವ ಮೊದಲೇ ಪತಂಗಗಳನ್ನು ಹಿಡಿಯಬಹುದು. ಬೇಸಿಗೆಯ ಮಾಗಿ ಉಳುಮೆಯಲ್ಲಿ ಮೇಲೆ ಬಂದ ಕೋಶಗಳನ್ನು ಹಕ್ಕಿಗಳೇ ಮುಗಿಸುತ್ತವೆ.

ಊರ ಶಾಲೆಗಳಿಗೆ ನನ್ನದೊಂದು ಕೋರಿಕೆ. ರೋಹಿಣಿ, ಮೃಗಶಿರ, ಆರಿದ್ರ ಮಳೆಗಳು ಬಿದ್ದ ದಿನ, ನೆಲ ಎಷ್ಟು ನೆನೆಯಿತು, ಮೊದಲ ಪತಂಗ ಯಾವ ರಾತ್ರಿ ಕಂಡಿತು ಎಂದು ಮಕ್ಕಳಿಂದ ಬರೆಸಿಡಿ. ಹುಳು ಏಳದ ವರ್ಷವನ್ನೂ ತಪ್ಪದೆ ಬರೆಸಿ. ಹುಳು-ಮಳೆಯ ಮಾತಿನಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂದು ತೂರಿ ನೋಡಲು ಆ ಖಾಲಿ ಸಾಲುಗಳೇ ಬೇಕು.