ಕುಳಿತಲ್ಲಿ ಕುಳಿತಿರದ ಮಗು: ಸ್ವಭಾವವೋ, ರೋಗವೋ?

ದಾವಣಗೆರೆಯ ಮಂಡಿಪೇಟೆಯಲ್ಲಿ ಬೆಳಗಿನ ಹೊತ್ತು ನಿಂತು ನೋಡಿದವರಿಗೆ, ಯಾವುದೂ ನಿಂತಲ್ಲಿ ನಿಲ್ಲದ ಲೋಕವೊಂದು ಕಾಣುತ್ತದೆ. ಲಾರಿಗಳಿಂದ ಮೂಟೆ ಇಳಿಸುವ ಹಮಾಲರು, ಬೆಲೆ ಹೇಳುವ ವರ್ತಕರು, ಲೆಕ್ಕ ಬರೆಯುವ ಗುಮಾಸ್ತರು, ಇವರ ನಡುವೆ ದಾರಿಮಾಡಿಕೊಂಡು ಸಾಗುವ ಆಟೋಗಳು! ಇಂಥ ಬೀದಿಯ ಸಗಟು ವ್ಯಾಪಾರಿಯೊಬ್ಬರ ಮನೆಯಲ್ಲಿ ಎಂಟು ವರುಷದ ಹುಡುಗನೊಬ್ಬನಿದ್ದಾನೆಂದು ಕಲ್ಪಿಸಿಕೊಳ್ಳೋಣ.

ಅಂಗಡಿಯಲ್ಲಿ ಅವನು ಎಲ್ಲರಿಗೂ ಬೇಕಾದವನು. ಹೇಳುವ ಮೊದಲೇ ಓಡಿಹೋಗಿ ಚಹಾ ತರುತ್ತಾನೆ. ಮೂಟೆಗಳ ಮೇಲೇರಿ ಎಣಿಸುತ್ತಾನೆ. ಆದರೆ ಶಾಲೆಯಲ್ಲಿ ಅವನ ಹೆಸರು ಕೆಟ್ಟಿದೆ. ಲೆಕ್ಕದ ಅರ್ಧದಲ್ಲಿ ಎದ್ದು ಕಿಟಕಿಯ ಬಳಿ ಹೋಗುತ್ತಾನೆ. ಪ್ರಶ್ನೆ ಮುಗಿಯುವ ಮುನ್ನ ಉತ್ತರ ಕೂಗುತ್ತಾನೆ. ವಾರಕ್ಕೊಂದು ಪೆನ್ಸಿಲು ಕಳೆಯುತ್ತಾನೆ. “ಇವನನ್ನು ಡಾಕ್ಟರಿಗೆ ತೋರಿಸಿರಿ” ಎಂದು ಉಪಾಧ್ಯಾಯಿನಿ ಹೇಳಿ ಕಳುಹಿಸಿದ್ದಾರೆ. “ನಾಲ್ಕು ಏಟು ಬಿದ್ದರೆ ಸರಿಹೋಗುತ್ತಾನೆ” ಎನ್ನುವುದು ತಂದೆಯ ಮತ. “ಅವರಪ್ಪನೂ ಹಿಂಗೇ ಇದ್ದ, ಸುಮ್ಮನಿರ್ರೋ” ಎನ್ನುತ್ತಾರೆ ಅಜ್ಜಿ. ಇಂಥ ಮಕ್ಕಳಿಗೆ ಮಾತ್ರೆಯೊಂದಿದೆಯೆಂದು ಕೇಳಿರುವ ತಾಯಿಗೆ ಆಸೆಯೂ ಉಂಟು, ಭಯವೂ ಉಂಟು.

ಈ ನಾಲ್ವರಲ್ಲಿ ಯಾರ ಮಾತು ಸರಿ? ವಿಜ್ಞಾನವು ಇದಕ್ಕೆ ಏನು ಹೇಳುತ್ತದೆಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹಳೆಯ ತೊಂದರೆ, ಹೊಸ ಹೆಸರು

ಚಂಚಲ ಮಕ್ಕಳು ಇಂದು ಹೊಸದಾಗಿ ಹುಟ್ಟಿದವರಲ್ಲ. 1840ರ ದಶಕದಲ್ಲಿಯೇ ಜರ್ಮನಿಯ ವೈದ್ಯ ಹೈನ್ರಿಕ್ ಹಾಫ್‌ಮನ್, ಊಟದ ಮೇಜಿನ ಬಳಿ ಚಡಪಡಿಸುವ ಫಿಲಿಪ್ ಎಂಬ ಹುಡುಗನನ್ನು ತನ್ನ ಮಕ್ಕಳ ಪುಸ್ತಕದಲ್ಲಿ ಚಿತ್ರಿಸಿದ್ದನು. 1902ರಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿ ಚೆನ್ನಾಗಿದ್ದರೂ ತಮ್ಮನ್ನು ತಾವು ತಡೆದುಕೊಳ್ಳಲಾರದ ಮಕ್ಕಳನ್ನು ಕುರಿತು ಉಪನ್ಯಾಸಗಳನ್ನು ಕೊಟ್ಟನು. ಅಮೆರಿಕದ ಮನೋವೈದ್ಯರ ರೋಗಕೋಶವು 1968ರಲ್ಲಿ ಇದಕ್ಕೆ ಮಕ್ಕಳ ಅತಿಚಲನೆಯ ಪ್ರತಿಕ್ರಿಯೆಯೆಂಬ ಅರ್ಥದ ಹೆಸರಿಟ್ಟಿತು. 1980ರಲ್ಲಿ ಗಮನದ ಕೊರತೆಗೆ ಪ್ರಾಧಾನ್ಯ ಬಂದಿತು. 1987ರಲ್ಲಿ ಎರಡನ್ನೂ ಸೇರಿಸಿ ಇಂದಿನ ಹೆಸರಾದ ಎ.ಡಿ.ಎಚ್.ಡಿ. ರೂಢಿಗೆ ಬಂದಿತು. ಕನ್ನಡದಲ್ಲಿ ಇದನ್ನು ‘ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ’ ಎನ್ನಬಹುದು. ಜಗತ್ತಿನ ನಾನಾ ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿದಾಗ 100 ಮಕ್ಕಳಲ್ಲಿ ಸುಮಾರು ಐವರಿಗೆ ಈ ತೊಂದರೆಯಿರುವಂತೆ ಕಂಡುಬಂದಿದೆ.

ಹೆಸರು ಹಲವು ಸಲ ಬದಲಾಯಿತೆಂದು ತೊಂದರೆಯೇ ಸುಳ್ಳೆಂದು ಭಾವಿಸಬಾರದು. ಅವಳಿ ಮಕ್ಕಳ ಅಧ್ಯಯನಗಳು ಇದರಲ್ಲಿ ಅನುವಂಶೀಯತೆಯ ಪಾಲು ಬಹು ದೊಡ್ಡದೆಂದು, ನೂರಕ್ಕೆ 70ರಿಂದ 80ರಷ್ಟೆಂದು, ತೋರಿಸಿವೆ. ಅಜ್ಜಿಯ ಮಾತಿನಲ್ಲಿ ಅರ್ಧ ಸತ್ಯವಿದೆಯೆಂದಾಯಿತು. ಆದರೆ ತಂದೆಗೂ ಇದ್ದಿತೆಂಬುದು ಮಗನಿಗೆ ಕಷ್ಟವಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಆ ತಂದೆ ತನ್ನ ಶಾಲೆಯ ದಿನಗಳಲ್ಲಿ ಎಷ್ಟು ಏಟು ತಿಂದಿದ್ದನೆಂಬುದನ್ನು ಯಾರೂ ಲೆಕ್ಕವಿಟ್ಟಿರುವುದಿಲ್ಲ.

ಮಿದುಳಿನಲ್ಲಿ ನಡೆಯುವುದೇನು?

ನಮ್ಮ ಹಣೆಯ ಹಿಂಭಾಗದಲ್ಲಿರುವ ಮಿದುಳಿನ ಮುಂಭಾಗವು ಒಂದು ಬಗೆಯ ಮೇಲ್ವಿಚಾರಕ. ಯಾವುದಕ್ಕೆ ಗಮನ ಕೊಡಬೇಕು, ಯಾವ ಆಸೆಯನ್ನು ತಡೆಯಬೇಕು ಎಂಬ ಕೆಲಸ ಅದರದು. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಮಕ್ಕಳ ಮಿದುಳಿನ ತೊಗಟೆಯ ದಪ್ಪವನ್ನು ವರುಷಗಟ್ಟಲೆ ಅಳೆದು ಒಂದು ಸಂಗತಿಯನ್ನು ಪ್ರಕಟಿಸಿದರು. ಸಾಮಾನ್ಯ ಮಕ್ಕಳಲ್ಲಿ ಸುಮಾರು ಏಳೂವರೆ ವರುಷಕ್ಕೆ ತಲಪುವ ಬೆಳವಣಿಗೆಯ ಘಟ್ಟವು ಈ ತೊಂದರೆಯುಳ್ಳ ಮಕ್ಕಳಲ್ಲಿ ಸುಮಾರು ಹತ್ತೂವರೆ ವರುಷಕ್ಕೆ ಬರುತ್ತದೆ. ಬೆಳವಣಿಗೆಯ ದಾರಿ ಅದೇ. ನಡಿಗೆ ಮಾತ್ರ ನಿಧಾನ.

ಮಿದುಳಿನ ಕೋಶಗಳು ತಮ್ಮೊಳಗೆ ಸಂದೇಶ ಕಳುಹಿಸಲು ಬಳಸುವ ರಾಸಾಯನಿಕಗಳಲ್ಲಿ ಡೋಪಮೀನ್ ಒಂದು. ಒಂದು ಕೆಲಸ ಬೇಸರ ತರಿಸಿದರೂ ಅದಕ್ಕೆ ಅಂಟಿಕೊಂಡಿರುವ ಶಕ್ತಿಯಲ್ಲಿ ಇದರ ಪಾತ್ರ ಹಿರಿದು. ಕ್ಷಣಕ್ಷಣವೂ ಹೊಸತೊಂದು ನಡೆಯುವ ಅಂಗಡಿಯಲ್ಲಿ ನಮ್ಮ ಹುಡುಗ ಜಾಣನಾಗಿದ್ದು, ನಲವತ್ತು ನಿಮಿಷ ಒಂದೇ ಪಾಠ ನಡೆಯುವ ತರಗತಿಯಲ್ಲಿ ಸೋಲಲು ಇದೂ ಕಾರಣವಿರಬಹುದು. ಆದುದರಿಂದ, “ಇಷ್ಟವಾದದ್ದನ್ನು ಮಾಡುತ್ತಾನಲ್ಲ, ಬೇಕೆಂದೇ ಓದುವುದಿಲ್ಲ” ಎಂದು ತೀರ್ಮಾನಿಸುವುದು ಅವಸರವಾದೀತು.

ಹೆಸರಿಡುವ ಮುನ್ನ

ಇಲ್ಲಿಯೇ ನಿಜವಾದ ತೊಡಕಿರುವುದು. ಕ್ಷಯಕ್ಕೆ ಕಫದ ಪರೀಕ್ಷೆಯಿದೆ. ಮಲೇರಿಯಾಕ್ಕೆ ರಕ್ತದ ಪರೀಕ್ಷೆಯಿದೆ. ಈ ತೊಂದರೆಗೆ ಅಂಥ ಪರೀಕ್ಷೆಯಿಲ್ಲ. ಮೇಲೆ ಹೇಳಿದ ಮಿದುಳಿನ ವ್ಯತ್ಯಾಸವೂ ನೂರಾರು ಮಕ್ಕಳ ಸರಾಸರಿಯಲ್ಲಿ ಕಾಣುವುದೇ ಹೊರತು, ಒಂದು ಮಗುವಿನ ಚಿತ್ರ ತೆಗೆದು ನಿರ್ಣಯಿಸುವಷ್ಟು ಸ್ಪಷ್ಟವಾದುದಲ್ಲ. ವೈದ್ಯನು ಲಕ್ಷಣಗಳನ್ನು ನೋಡಿಯೇ ನಿರ್ಧರಿಸಬೇಕು.

2013ರ ರೋಗಕೋಶದ ನಿಯಮಗಳು ಹೀಗಿವೆ: ಗಮನದ ಕೊರತೆಯ ಒಂಬತ್ತು ಲಕ್ಷಣಗಳಲ್ಲಾಗಲಿ, ಅತಿಚಟುವಟಿಕೆ ಮತ್ತು ದುಡುಕಿನ ಒಂಬತ್ತರಲ್ಲಾಗಲಿ ಮಗುವಿಗೆ ಕನಿಷ್ಠ ಆರು ಇರಬೇಕು. ಅವು ಆರು ತಿಂಗಳಾದರೂ ಕಂಡುಬಂದಿರಬೇಕು. ಹಲವು ಲಕ್ಷಣಗಳು ಹನ್ನೆರಡು ವರುಷಕ್ಕೆ ಮುಂಚೆಯೇ ತೋರಿರಬೇಕು. ಮನೆ, ಶಾಲೆ ಮೊದಲಾದ ಎರಡು ಕಡೆಯಾದರೂ ಕಾಣಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಗುವಿನ ಕಲಿಕೆಗೋ ಒಡನಾಟಕ್ಕೋ ಅವುಗಳಿಂದ ಧಕ್ಕೆಯಾಗುತ್ತಿರಬೇಕು. ಶಾಲೆಯೊಂದರಲ್ಲಿಯೇ ಚಡಪಡಿಸುವ ಮಗುವಿನ ವಿಷಯದಲ್ಲಿ ಶಾಲೆಯನ್ನೂ ಪರೀಕ್ಷಿಸಬೇಕೆಂಬುದು ಇದರ ತಾತ್ಪರ್ಯ.

ಇನ್ನೊಂದು ಎಚ್ಚರವನ್ನು ಕೆನಡಾದ ಬ್ರಿಟಿಷ್ ಕೊಲಂಬಿಯದಿಂದ 2012ರಲ್ಲಿ ಪ್ರಕಟವಾದ ಅಧ್ಯಯನವು ಕೊಟ್ಟಿತು. ಅಲ್ಲಿ ಒಂದೇ ವರುಷ ಹುಟ್ಟಿದವರೆಲ್ಲ ಒಂದೇ ತರಗತಿಗೆ ಸೇರುತ್ತಾರೆ. ಜನವರಿಯಲ್ಲಿ ಹುಟ್ಟಿದ ಹುಡುಗರಿಗಿಂತ ಡಿಸೆಂಬರಿನಲ್ಲಿ ಹುಟ್ಟಿದ ಹುಡುಗರಿಗೆ ಈ ರೋಗದ ಹೆಸರು ಬಂದಿದ್ದು ನೂರಕ್ಕೆ 30ರಷ್ಟು ಹೆಚ್ಚು. ಔಷಧಿ ದೊರೆತದ್ದು ನೂರಕ್ಕೆ 41ರಷ್ಟು ಹೆಚ್ಚು. ಹುಟ್ಟಿದ ತಿಂಗಳಿಂದ ರೋಗ ಬರುವುದಿಲ್ಲವಷ್ಟೆ! ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವರಾದ ಮಕ್ಕಳ ಎಳೆತನವನ್ನೇ ಎಷ್ಟೋ ಸಲ ರೋಗವೆಂದು ಎಣಿಸಲಾಗಿತ್ತು. ಜೂನ್‌ನಲ್ಲಿ ಶಾಲೆ ತೆರೆಯುವ ನಮ್ಮಲ್ಲಿ ಮೇ ತಿಂಗಳಲ್ಲಿ ಹುಟ್ಟಿದ ಮಗುವೂ ಹಿಂದಿನ ಜೂನ್‌ನಲ್ಲಿ ಹುಟ್ಟಿದ ಮಗುವೂ ಒಂದೇ ಬೆಂಚಿನ ಮೇಲೆ ಕುಳಿತಿರಬಹುದು. ಅವರಿಬ್ಬರನ್ನೂ ಒಂದೇ ಅಳತೆಯಿಂದ ಅಳೆಯಬಾರದು.

ಇದಲ್ಲದೆ ನಿದ್ದೆಯ ಕೊರತೆ, ರಕ್ತಹೀನತೆ, ಕಿವಿ ಅಥವಾ ಕಣ್ಣಿನ ದೋಷ, ಕ್ಷಣಕಾಲ ಅರಿವು ತಪ್ಪಿಸುವ ಒಂದು ಬಗೆಯ ಮೂರ್ಛೆ, ಓದು ಬರಹದ ವಿಶೇಷ ತೊಂದರೆ, ಮನೆಯಲ್ಲಿನ ಜಗಳ ಇವೆಲ್ಲವೂ ಮಗುವನ್ನು ಅನ್ಯಮನಸ್ಕನನ್ನಾಗಿ ಮಾಡಬಲ್ಲವು. ಇವುಗಳನ್ನು ಪರೀಕ್ಷಿಸದೆ ಹೆಸರಿಡುವುದು ತಪ್ಪು.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಅಮೆರಿಕದಲ್ಲಿ 2022ರ ಸಮೀಕ್ಷೆಯಂತೆ 3ರಿಂದ 17 ವರುಷದ ಮಕ್ಕಳಲ್ಲಿ ಸುಮಾರು 70 ಲಕ್ಷ ಮಂದಿಗೆ, ಎಂದರೆ ನೂರಕ್ಕೆ 11ಕ್ಕೂ ಹೆಚ್ಚು ಮಂದಿಗೆ, ಎಂದಾದರೊಮ್ಮೆ ಈ ಹೆಸರು ಅಂಟಿದೆ. ಅಲ್ಲಿಯ ಚಿಂತೆ ಅತಿಯಾದ ನಿರ್ಣಯದ್ದು. ನಮ್ಮ ಊರುಗಳಲ್ಲಾದರೋ ಅನೇಕ ಮಕ್ಕಳಿಗೆ ‘ಪೋಲಿ’, ‘ದಡ್ಡ’ ಎಂಬ ಹೆಸರುಗಳೇ ಮೊದಲು ದೊರೆಯುತ್ತವೆ. ಗಲಾಟೆ ಮಾಡದೆ ಹಿಂದಿನ ಬೆಂಚಿನಲ್ಲಿ ಕನಸು ಕಾಣುತ್ತ ಕುಳಿತ ಹುಡುಗಿಯಂತೂ ಯಾರ ಕಣ್ಣಿಗೂ ಬೀಳುವುದಿಲ್ಲ. ಆಕೆಗೂ ಇದೇ ತೊಂದರೆಯಿರಬಹುದು.

ಮಾತ್ರೆಯ ಕಥೆ

1937ರಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಬ್ರಾಡ್ಲಿ, ತನ್ನ ಆಸ್ಪತ್ರೆಯ 30 ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕವನ್ನು ಕೊಟ್ಟ ಫಲವನ್ನು ಪ್ರಕಟಿಸಿದನು. ಅವರಲ್ಲಿ 14 ಮಕ್ಕಳ ಓದು ಬೆರಗಾಗುವಷ್ಟು ಸುಧಾರಿಸಿದ್ದಿತು! 1944ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಲಿಯಾಂಡ್ರೊ ಪನಿಜ್ಜೋನ್ ಮೀಥೈಲ್‌ಫೆನಿಡೇಟನ್ನು ತಯಾರಿಸಿದನು. ಅವನ ಹೆಂಡತಿ ಮಾರ್ಗರೀಟಳನ್ನು ಮನೆಯಲ್ಲಿ ರೀಟಾ ಎಂದು ಕರೆಯುತ್ತಿದ್ದುದರಿಂದ ಆ ಔಷಧಿಗೆ ರಿಟಲಿನ್ ಎಂಬ ಹೆಸರು ಬಂದಿತು.

ಚಂಚಲನಾದ ಮಗುವಿಗೆ ಉತ್ತೇಜಕವೇ? ಬೆಂಕಿಗೆ ತುಪ್ಪ ಸುರಿದಂತಾಗದೆ? ಹಾಗಾಗುವುದಿಲ್ಲ. ಬಿಡುಗಡೆಯಾದ ಡೋಪಮೀನನ್ನು ಕೋಶಗಳು ಬೇಗನೆ ಹಿಂದಕ್ಕೆ ಎಳೆದುಕೊಳ್ಳದಂತೆ ಈ ಔಷಧಿ ತಡೆಯುತ್ತದೆ. ಹುರುಪುಗೊಳ್ಳುವುದು ಕೈಕಾಲುಗಳಿಗಿಂತ ಹೆಚ್ಚಾಗಿ ಆ ಮೇಲ್ವಿಚಾರಕ. ಸಾಮಾನ್ಯ ಮಾತ್ರೆಯ ಪ್ರಭಾವ ಸುಮಾರು ನಾಲ್ಕು ಗಂಟೆ.

1999ರಲ್ಲಿ ಅಮೆರಿಕದಲ್ಲಿ 579 ಮಕ್ಕಳ ಮೇಲೆ 14 ತಿಂಗಳು ನಡೆದ ಪ್ರಯೋಗದ ಫಲ ಪ್ರಕಟವಾಯಿತು. ಜಾಗರೂಕತೆಯಿಂದ ಕೊಟ್ಟ ಔಷಧಿಯು ಬರಿಯ ನಡವಳಿಕೆಯ ತರಬೇತಿಗಿಂತ ರೋಗಲಕ್ಷಣಗಳನ್ನು ಹೆಚ್ಚು ತಗ್ಗಿಸಿತು. ಎರಡನ್ನೂ ಸೇರಿಸಿದಾಗ ಔಷಧಿಯ ಪ್ರಮಾಣ ಕಡಮೆ ಸಾಕಾಯಿತು. ಆದರೆ ಪ್ರಯೋಗ ಆರಂಭವಾಗಿ ಮೂರು ವರುಷವಾದ ಮೇಲೆ ನೋಡಿದಾಗ ಗುಂಪುಗಳ ನಡುವಣ ಅಂತರ ಅಳಿಸಿಹೋಗಿತ್ತು. ಎಂದರೆ ಔಷಧಿಯು ಕನ್ನಡಕದಂತೆ. ಹಾಕಿಕೊಂಡಾಗ ನೆರವಾಗುತ್ತದೆ, ಕಣ್ಣನ್ನೇ ಬದಲಾಯಿಸುವುದಿಲ್ಲ. ಆದರೆ ಕನ್ನಡಕಕ್ಕಿಲ್ಲದ ದೋಷಗಳು ಇದಕ್ಕಿವೆ. ಹಸಿವು ಕುಗ್ಗುವುದು, ನಿದ್ದೆ ತಡವಾಗುವುದು, ನಾಡಿ ಮತ್ತು ರಕ್ತದೊತ್ತಡ ತುಸು ಏರುವುದು, ಎತ್ತರದ ಬೆಳವಣಿಗೆ ಸ್ವಲ್ಪ ತಗ್ಗುವುದು ಇವು ಆಗಬಹುದು. ಆದುದರಿಂದ ತೂಕ, ಎತ್ತರ, ನಾಡಿಗಳನ್ನು ವೈದ್ಯರು ಆಗಾಗ ನೋಡುತ್ತಿರಬೇಕು.

ಭಾರತದಲ್ಲಿ ಇದು 1985ರ ಮಾದಕ ದ್ರವ್ಯಗಳ ಕಾಯಿದೆಗೆ ಒಳಪಟ್ಟ ಔಷಧಿ. ಪರೀಕ್ಷೆಯ ಕಾಲದಲ್ಲಿ ರಾತ್ರಿ ಎಚ್ಚರವಿರಲೆಂದು ಗೆಳೆಯನ ಮಾತ್ರೆಯನ್ನು ಕೇಳಿ ನುಂಗುವ ವಿದ್ಯಾರ್ಥಿಯು ತನ್ನ ಹೃದಯದೊಡನೆಯೂ ಕಾನೂನಿನೊಡನೆಯೂ ಆಟವಾಡುತ್ತಾನೆ. ಅದರಿಂದ ಎಚ್ಚರ ಹೆಚ್ಚೀತು. ಓದದೆ ಇದ್ದ ಪಾಠ ತಲೆಗೆ ಬಾರದು.

ಹಾಗಾದರೆ ಏನು ಮಾಡಬೇಕು?

ಆರು ವರುಷಕ್ಕಿಂತ ಚಿಕ್ಕ ಮಕ್ಕಳಿಗೆ ತಂದೆತಾಯಿಗಳ ತರಬೇತಿಯೇ ಮೊದಲ ಚಿಕಿತ್ಸೆಯೆಂಬುದು ಮಕ್ಕಳ ವೈದ್ಯರ ಮತ. ದೊಡ್ಡ ಮಕ್ಕಳಲ್ಲಿಯೂ ತೊಂದರೆ ಹಗುರವಾಗಿದ್ದರೆ ಸಣ್ಣ ಮಾರ್ಪಾಡುಗಳು ಬಹಳ ಕೆಲಸ ಮಾಡುತ್ತವೆ. ಮೊದಲ ಬೆಂಚಿನಲ್ಲಿ ಕೂರಿಸುವುದು, ಒಂದು ದೊಡ್ಡ ಕೆಲಸವನ್ನು ನಾಲ್ಕು ಚಿಕ್ಕವಾಗಿ ಒಡೆದು ಕೊಡುವುದು, ನಡುವೆ ಕರಿಹಲಗೆ ಒರಸಲು ಎಬ್ಬಿಸುವುದು, ಮಾಡಿದ್ದನ್ನು ಒಡನೆಯೇ ಮೆಚ್ಚುವುದು ಇವಕ್ಕೆ ಖರ್ಚೇನೂ ಇಲ್ಲ. ಹೊಡೆತದಿಂದ ಗಮನ ಬೆಳೆಯುವುದಿಲ್ಲ. ಇಷ್ಟಾದರೂ ಮಗು ಹಿಂದೆ ಬೀಳುತ್ತಲೇ ಇದ್ದರೆ, ತಜ್ಞರ ನಿರ್ಣಯದಂತೆ ಔಷಧಿ ಕೊಡಲು ಹಿಂಜರಿಯಬೇಕಾಗಿಲ್ಲ.

ತಜ್ಞರನ್ನು ಹುಡುಕಿ ಎಲ್ಲರೂ ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕಾಗಿಲ್ಲ. ಮಾನಸಿಕ ಚಿಕಿತ್ಸೆಯನ್ನು ಜಿಲ್ಲೆಗಳಿಗೆ ಒಯ್ಯಬಹುದೆಂದು ಆ ಸಂಸ್ಥೆಯೇ 1980ರ ದಶಕದಲ್ಲಿ ನಮ್ಮ ನೆರೆಯ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವು ತೋರಿಸಿತು. ಅದೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳಲ್ಲಿ ಹುಡುಕಬೇಕಾದ ತೊಂದರೆಗಳ ಪಟ್ಟಿಯಲ್ಲಿ ಇದೂ ಸೇರಿದೆ. 2022ರಲ್ಲಿ ತೊಡಗಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಮಾತನಾಡಬಹುದು.

ಇನ್ನು ನಮ್ಮ ಮಂಡಿಪೇಟೆಯ ಹುಡುಗ. ಅವನಿಗೆ ರೋಗವಿದೆಯೇ ಇಲ್ಲವೇ ಎಂದು ಇಲ್ಲಿ ಕುಳಿತು ಹೇಳುವುದು ಸಾಧ್ಯವಿಲ್ಲ, ಹೇಳಲೂ ಬಾರದು. ಆದರೆ ಅವನ ತಂದೆಗೆ ಒಂದು ಮಾತು ಹೇಳಬಹುದು. ಕಣ್ಣಳತೆಯಿಂದ ನೋಡಿ ಅವರು ಒಂದು ಮೂಟೆಯನ್ನೂ ಮಾರುವುದಿಲ್ಲ; ತಕ್ಕಡಿಗೆ ಹಾಕಿ ತೂಗಿಯೇ ಚೀಟಿ ಬರೆಯುತ್ತಾರೆ. ಮಗನ ಮೇಲೆ ‘ರೋಗಿ’ ಎಂಬ ಚೀಟಿಯನ್ನಾಗಲಿ ‘ಪೋಲಿ’ ಎಂಬ ಚೀಟಿಯನ್ನಾಗಲಿ ಅಂಟಿಸುವ ಮುನ್ನ ಅಷ್ಟು ತಾಳ್ಮೆಯನ್ನು ಅವರು ತೋರಿಸಿದರೆ, ಹುಡುಗನಿಗೆ ಅರ್ಧ ಚಿಕಿತ್ಸೆ ದೊರೆತಂತೆಯೇ ಸರಿ.