ಬೆಳ್ಳಿಯ ತೆರೆಯ ಅಳತೆ

ಸಿನಿಮಾ ನೋಡದವರು ನಮ್ಮಲ್ಲಿ ವಿರಳ. ಆದರೆ ಬಿಂಬಗಳಿಗೆ ಮರುಳಾಗುವ ನಾವು, ಆ ಬಿಂಬಗಳನ್ನು ಹೊತ್ತು ನಿಂತ ಬಿಳಿಯ ತೆರೆಯ ಕಡೆಗೆ ಗಮನ ಕೊಡುವುದು ಅಪರೂಪ. ಒಂದು ಚಿತ್ರಮಂದಿರದಲ್ಲಿ ಅದು ಗೋಡೆಯನ್ನೆಲ್ಲ ವ್ಯಾಪಿಸಿರುತ್ತದೆ. ಮತ್ತೊಂದರಲ್ಲಿ ಅದರ ಅರ್ಧದಷ್ಟೂ ಇರುವುದಿಲ್ಲ. ಹೀಗೇಕೆ? ನಾನು ಕಲಾ ವಿಭಾಗದವನು. ಭೌತಶಾಸ್ತ್ರ ನನ್ನ ವಿಷಯವಲ್ಲ. ಆದರೆ ಪ್ರೌಢಶಾಲೆಯ ಗಣಿತವಿಷ್ಟು ನೆನಪಿದ್ದರೆ ಉತ್ತರ ದೊರೆಯುತ್ತದೆ.

ಮೊದಲು ಆಕಾರದ ಮಾತು. 1890ರ ದಶಕದಲ್ಲಿ ಅಮೆರಿಕದ ಎಡಿಸನ್ನನ ಪ್ರಯೋಗಶಾಲೆಯಲ್ಲಿ ಡಿಕ್ಸನ್ ಎಂಬಾತನು 35 ಮಿಲಿಮೀಟರ್ ಅಗಲದ ಫಿಲ್ಮನ್ನು ಬಳಕೆಗೆ ತಂದನು. ಅದರಲ್ಲಿ ಚಿತ್ರದ ಅಗಲ ನಾಲ್ಕು ಪಾಲಾದರೆ ಎತ್ತರ ಮೂರು ಪಾಲು. ಅನೇಕ ವರ್ಷಗಳವರೆಗೆ ಜಗತ್ತಿನ ತೆರೆಗಳೆಲ್ಲ ಹೆಚ್ಚು ಕಡಿಮೆ ಇದೇ ಆಕಾರದಲ್ಲಿದ್ದುವು. ಫಿಲ್ಮಿನ ಮೇಲಿನ ಒಂದು ಚಿತ್ರದ ಅಗಲ ಒಂದು ಅಂಗುಲಕ್ಕೂ ಕಡಿಮೆ. ಅದನ್ನು 40 ಅಡಿ ಅಗಲಕ್ಕೆ ಹಿಗ್ಗಿಸಬೇಕಾದರೆ ಸುಮಾರು 600 ಪಟ್ಟು ದೊಡ್ಡದು ಮಾಡಬೇಕು. ವಿಸ್ತೀರ್ಣದ ಲೆಕ್ಕದಲ್ಲಿ ಮೂರು ಲಕ್ಷ ಪಟ್ಟಿಗೂ ಹೆಚ್ಚು! ಫಿಲ್ಮಿನ ಮೇಲಿನ ಒಂದು ಧೂಳಿನ ಕಣವೂ ತೆರೆಯ ಮೇಲೆ ಬೆಣಚುಕಲ್ಲಿನಂತೆ ಕಂಡರೆ ಆಶ್ಚರ್ಯವೇನು?

1950ರ ಸುಮಾರಿಗೆ ಅಮೆರಿಕದ ಮನೆಮನೆಗೂ ಟೆಲಿವಿಷನ್ ಬಂದಿತು, ಚಿತ್ರಮಂದಿರಗಳು ಬರಿದಾಗತೊಡಗಿದುವು. ಮನೆಯಲ್ಲಿ ದೊರೆಯದಂಥದನ್ನು ಕೊಟ್ಟರೆ ಮಾತ್ರ ಜನ ಬಂದಾರು ಎಂದು ನಿರ್ಮಾಪಕರು ತೆರೆಯನ್ನು ಅಗಲ ಮಾಡಿದರು. 1952ರಲ್ಲಿ ಮೂರು ಪ್ರೊಜೆಕ್ಟರುಗಳಿಂದ ಬಾಗಿದ ತೆರೆಯ ಮೇಲೆ ಚಿತ್ರ ಬಿಡುವ ಸಿನೆರಾಮಾ ಬಂದಿತು. 1953ರಲ್ಲಿ ಬಂದ ಸಿನಿಮಾಸ್ಕೋಪ್ ಇನ್ನೂ ಸುಲಭವಾದ ಉಪಾಯ. ಫ್ರಾನ್ಸಿನ ಆನ್ರಿ ಕ್ರೆಟಿಯನ್ ಕಂಡುಹಿಡಿದಿದ್ದ ಮಸೂರವು ಅಗಲವಾದ ದೃಶ್ಯವನ್ನು ಹಿಂಡಿ ಅದೇ ಫಿಲ್ಮಿನಲ್ಲಿ ಕೂಡಿಸುತ್ತದೆ. ಪ್ರೊಜೆಕ್ಟರಿನ ಮಸೂರ ಅದನ್ನು ಮತ್ತೆ ಹರಡುತ್ತದೆ. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ 1959ರ ‘ಕಾಗಜ್ ಕೆ ಫೂಲ್’. ಅದರ ನಿರ್ದೇಶಕ ಗುರುದತ್ತರು ಬೆಂಗಳೂರಿನಲ್ಲಿ ಹುಟ್ಟಿದವರು, ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು ಮೈಸೂರಿನವರು. ಇದು ನಾವು ಹೆಮ್ಮೆಪಡಬೇಕಾದ ಸಂಗತಿ.

ಈಗ ಮುಖ್ಯವಾಗಿ ಎರಡು ಆಕಾರಗಳಿವೆ: ಎತ್ತರದ 1.85 ಪಟ್ಟು ಅಗಲವಿರುವುದು ಒಂದು, 2.39 ಪಟ್ಟು ಇರುವ ಸ್ಕೋಪ್ ಇನ್ನೊಂದು. ಎತ್ತರವನ್ನು ಬದಲಿಸದೆ, ಸ್ಕೋಪ್ ಚಿತ್ರ ಬಂದಾಗ ಅಕ್ಕಪಕ್ಕದ ಕಪ್ಪು ಪರದೆಗಳನ್ನು ಸರಿಸುವುದು ಒಂದು ಪದ್ಧತಿ. ಅಗಲವನ್ನು ಬದಲಿಸದೆ ಮೇಲೆ ಕೆಳಗೆ ಜಾಗ ಬಿಡುವುದು ಇನ್ನೊಂದು. ಮೊದಲನೆಯದರಲ್ಲಿ ಸ್ಕೋಪ್ ಚಿತ್ರ ದೊಡ್ಡದಾಗುತ್ತದೆ; ಎರಡನೆಯದರಲ್ಲಿ ಅದೇ ಚಿತ್ರ ಚಿಕ್ಕದಾಗುತ್ತದೆ!

ಹಾಗಾದರೆ ಎಲ್ಲರೂ ಭಾರಿ ತೆರೆಯನ್ನೇ ಕಟ್ಟಬಾರದೇಕೆ? ಅಡ್ಡಬರುವುದು ಬೆಳಕು. ತೆರೆಯ ಅಗಲ, ಎತ್ತರ ಎರಡನ್ನೂ ಇಮ್ಮಡಿ ಮಾಡಿದರೆ ವಿಸ್ತೀರ್ಣ ನಾಲ್ಮಡಿಯಾಗುತ್ತದೆ. ಅದೇ ದೀಪದ ಬೆಳಕು ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ. ಹಿಂದೆ ಕಾರ್ಬನ್ ಕಡ್ಡಿಗಳ ನಡುವೆ ಉರಿಯುವ ವಿದ್ಯುಜ್ಜ್ವಾಲೆಯಿತ್ತು. ಆಮೇಲೆ ಝೆನಾನ್ ದೀಪ ಬಂದಿತು. ಈಗ ಲೇಸರ್ ಬಂದಿದೆ. ದೀಪ ಬಲವಾದಂತೆಲ್ಲ ಖರ್ಚೂ ಏರುತ್ತದೆ. ಇಷ್ಟೇ ಅಲ್ಲ, ಡಿಜಿಟಲ್ ಚಿತ್ರದಲ್ಲಿ ಅಡ್ಡಸಾಲಿಗೆ 2048 ಬಿಂದುಗಳಿದ್ದರೆ, 40 ಅಡಿಯ ತೆರೆಯ ಮೇಲೆ ಒಂದೊಂದು ಬಿಂದುವೂ ಸುಮಾರು 6 ಮಿಲಿಮೀಟರಿನದಾಗುತ್ತದೆ. ಇನ್ನೂ ಹಿಗ್ಗಿಸಿದರೆ ಮುಂದಿನ ಸಾಲಿನವರು ಚಿತ್ರಕ್ಕೆ ಬದಲಾಗಿ ಚುಕ್ಕಿಗಳನ್ನೇ ನೋಡಬೇಕಾದೀತು. ಆದ್ದರಿಂದಲೇ 1970ರಲ್ಲಿ ಜಪಾನಿನ ಒಸಾಕಾ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಐಮ್ಯಾಕ್ಸ್ ಪದ್ಧತಿಯವರು ಫಿಲ್ಮನ್ನೇ ದೊಡ್ಡದು ಮಾಡಿದರು: 70 ಮಿಲಿಮೀಟರಿನ ಫಿಲ್ಮನ್ನು ಅಡ್ಡಲಾಗಿ ಓಡಿಸಿದರು. ಜರ್ಮನಿಯ ಲಿಯೋನ್‌ಬರ್ಗ್‌ನಲ್ಲಿರುವ ಐಮ್ಯಾಕ್ಸ್ ತೆರೆಯ ಅಗಲ 38.8 ಮೀಟರು, ಎಂದರೆ ಸುಮಾರು 127 ಅಡಿ.

ಆದರೆ ಅಡಿಗಳ ಲೆಕ್ಕದಿಂದ ಮಾತ್ರ ತೆರೆಯ ದೊಡ್ಡಸ್ತಿಕೆ ತೀರ್ಮಾನವಾಗುವುದಿಲ್ಲ. ಕಣ್ಣಿಗೆ ಬೇಕಾದುದು ಕೋನ. ತೆರೆಯ ಎರಡು ಅಂಚುಗಳಿಂದ ನಮ್ಮ ಕಣ್ಣಿಗೆ ಗೆರೆ ಎಳೆದರೆ ಆಗುವ ಕೋನವೆಷ್ಟೋ, ನಮಗೆ ಕಾಣುವ ತೆರೆ ಅಷ್ಟು ದೊಡ್ಡದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಕೂಲಿ ಮಾಡುವ ನನ್ನ ತಂದೆಯವರು ಹುಡುಗರಾಗಿದ್ದಾಗ ಟೂರಿಂಗ್ ಟಾಕೀಸಿನ ಡೇರೆಯಲ್ಲಿ, ಮರಳಿನ ಮೇಲೆ ಕುಳಿತು ಸಿನಿಮಾ ನೋಡಿದವರು. “ಅಷ್ಟು ದೊಡ್ಡ ಪರದೆ ಈಗ ಎಲ್ಲಿಯೂ ಇಲ್ಲ” ಎಂಬುದು ಅವರ ಮಾತು. ಕೇಳಿದವರು ನಗುವುದುಂಟು. ಲೆಕ್ಕ ಹಾಕಿ ನೋಡೋಣ. ಡೇರೆಯ ಪರದೆ 16 ಅಡಿ ಅಗಲ, ಅವರು ಕುಳಿತದ್ದು 12 ಅಡಿ ದೂರ ಎಂದಿಟ್ಟುಕೊಂಡರೆ ಕೋನ ಸುಮಾರು 67 ಡಿಗ್ರಿ. ಪಟ್ಟಣದ ಚಿತ್ರಮಂದಿರದ 40 ಅಡಿಯ ತೆರೆಯನ್ನು ಬಾಲ್ಕನಿಯಲ್ಲಿ 90 ಅಡಿ ದೂರ ಕುಳಿತು ನೋಡುವವರಿಗೆ ಸಿಕ್ಕುವುದು ಸುಮಾರು 25 ಡಿಗ್ರಿ! ಗಣಿತ ತಂದೆಯವರ ಪಕ್ಷದಲ್ಲಿದೆ. ಗಾಂಧಿ ಕ್ಲಾಸಿನವನು ಕತ್ತು ನೋಯಿಸಿಕೊಂಡನು, ನಿಜ; ಆದರೆ ಎಲ್ಲರಿಗಿಂತ ದೊಡ್ಡ ಚಿತ್ರವನ್ನು ನೋಡಿದವನೂ ಅವನೇ. ಓದುಬಾರದವರ ಮಾತನ್ನು ಉತ್ಪ್ರೇಕ್ಷೆಯೆಂದು ತಳ್ಳಿಹಾಕುವ ಮೊದಲು ಒಮ್ಮೆ ಅಳೆದು ನೋಡುವುದು ವಿದ್ಯಾವಂತರಾದ ನಮಗೆ ಒಪ್ಪುವ ಕೆಲಸ.

ಇದೇ ಲೆಕ್ಕವನ್ನು ಮುಂದುವರಿಸಿದರೆ ಒಂದು ತೊಡಕು ಎದುರಾಗುತ್ತದೆ. 15 ಸೆಂಟಿಮೀಟರು ಅಗಲದ ಮೊಬೈಲನ್ನು ಅಡ್ಡಲಾಗಿ ಒಂದು ಅಡಿ ದೂರದಲ್ಲಿ ಹಿಡಿದರೆ, 40 ಅಡಿಯ ತೆರೆಯನ್ನು 80 ಅಡಿ ದೂರದಿಂದ ನೋಡಿದಷ್ಟೇ ಕೋನ. ಹಾಗಿದ್ದ ಮೇಲೆ ಚಿತ್ರಮಂದಿರವೇಕೆ? 1968ರಲ್ಲಿ ಆರಂಭವಾಗಿ, ಸಾವಿರಕ್ಕೂ ಹೆಚ್ಚು ಮಂದಿಗೆ ಸ್ಥಳವಿದ್ದ ಬೆಂಗಳೂರಿನ ಕಪಾಲಿ 2017ರಲ್ಲಿ ಮುಚ್ಚಿತು. ಸಣ್ಣ ಊರುಗಳಲ್ಲಿ ಎಷ್ಟೋ ಚಿತ್ರಮಂದಿರಗಳು ಕಲ್ಯಾಣಮಂಟಪಗಳಾಗಿವೆ, ಗೋದಾಮುಗಳಾಗಿವೆ. ಕೋನವೊಂದೇ ಪ್ರಮಾಣವಾಗಿದ್ದರೆ ಇದಕ್ಕಾಗಿ ಮರುಗಬೇಕಾಗಿರಲಿಲ್ಲ.

ಆದರೆ ಮೊಬೈಲನ್ನು ನೋಡುವವನು ಒಬ್ಬನೇ. ತೆರೆಯ ಮುಂದೆ ಕತ್ತಲಿನಲ್ಲಿ ನೂರಾರು ಜನ ಒಟ್ಟಿಗೆ ನಗುತ್ತಾರೆ, ಒಟ್ಟಿಗೆ ಕಣ್ಣೊರಸಿಕೊಳ್ಳುತ್ತಾರೆ. ಮುಂದೆ ಕುಳಿತವನ ದರ ಬೇರೆ, ಬಾಲ್ಕನಿಯವನ ದರ ಬೇರೆ; ಕಥೆ ಮಾತ್ರ ಇಬ್ಬರಿಗೂ ಒಂದೇ. ಕೂಲಿಯವನನ್ನೂ ಸಾಹುಕಾರನನ್ನೂ ಒಂದೇ ಕಡೆಗೆ ಮುಖ ಮಾಡಿ ಕೂರಿಸುವ ಸ್ಥಳಗಳು ನಮ್ಮ ಸಮಾಜದಲ್ಲಿ ಹೆಚ್ಚಿಲ್ಲ. ತೆರೆಯ ಉದ್ದಗಲಗಳನ್ನು ಅಡಿಗಳಲ್ಲಿ ಅಳೆಯಬಹುದು, ಡಿಗ್ರಿಗಳಲ್ಲಿಯೂ ಅಳೆಯಬಹುದು. ಅದರ ಮುಂದೆ ಎಷ್ಟು ಬಗೆಯ ಜನ ಒಟ್ಟಿಗೆ ಕುಳಿತಿದ್ದಾರೆ ಎಂಬುದರಿಂದಲೂ ಅಳೆಯಬೇಕೆಂದು ನನಗೆ ತೋರುತ್ತದೆ.