ಕೋವಿಯ ಸ್ಕ್ರೂವಿಗೆ ಟೆಸ್ಟರ್ ಸಾಲದು

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ ತೋಟದ ಮನೆಗಳಲ್ಲಿ ಆಯುಧಪೂಜೆ ಹತ್ತಿರ ಬಂತೆಂದರೆ ಕತ್ತಿ, ಗುದ್ದಲಿ, ಹಾರೆಗಳ ಜೊತೆಗೆ ಕೋವಿಯೂ ಹೊರಗೆ ಬರುತ್ತದೆ. ಮಂಗ, ಕಾಡುಹಂದಿಗಳ ಕಾಟವಿರುವ ಸೀಮೆ ಇದು. ಅನೇಕ ಕೋವಿಗಳು ಅಜ್ಜನ ಕಾಲದವು. ಒರೆಸಿ ಎಣ್ಣೆ ಹಚ್ಚುವಾಗ ಯಾವುದೋ ಸ್ಕ್ರೂ ಸಡಿಲವಾಗಿರುವುದು ಕಣ್ಣಿಗೆ ಬೀಳುತ್ತದೆ. ಕೂಡಲೇ ಕೈ ಹೋಗುವುದು ಕರೆಂಟು ನೋಡುವ ಟೆಸ್ಟರಿನ ಕಡೆಗೆ. ಎರಡು ಸುತ್ತು ತಿರುಗಿಸುವಷ್ಟರಲ್ಲಿ ಅದು ಜಾರಿ, ಸ್ಕ್ರೂವಿನ ತಲೆಯ ಸೀಳು ಬಾಯಿ ಬಿಟ್ಟುಕೊಳ್ಳುತ್ತದೆ. ಪಕ್ಕದ ಲೋಹದ ಮೇಲೆ ಉದ್ದನೆಯ ಗೀರು ಬೀಳುತ್ತದೆ.

ಗೀರಿನದು ಅಂದದ ಮಾತಾಯಿತು. ಸೀಳು ಹಾಳಾದರೆ ಆ ಸ್ಕ್ರೂವನ್ನು ಬಿಗಿಮಾಡಲೂ ಆಗದು, ಬಿಚ್ಚಲೂ ಆಗದು. ನಳಿಗೆ, ಬೀಗ, ಹಿಡಿಯ ಮರ ಇವನ್ನೆಲ್ಲ ಒಟ್ಟಿಗೆ ಹಿಡಿದಿರುವುದು ಈ ಸಣ್ಣ ಸ್ಕ್ರೂಗಳೇ. ಅವು ಸಡಿಲವಾಗಿರುವ ಕೋವಿಯನ್ನು ಹೆಗಲಿಗಿಟ್ಟು ಹಾರಿಸುವುದು ಅಪಾಯ. ಹಳೆಯ ತಯಾರಕರು ಎಷ್ಟೋ ಸಲ ತಮ್ಮದೇ ಅಳತೆಯಲ್ಲಿ ಸ್ಕ್ರೂ ಮಾಡಿಕೊಳ್ಳುತ್ತಿದ್ದರು. ಅಂಥದ್ದು ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದಿಲ್ಲ.

ಮೊದಲು ಒಂದು ಎಚ್ಚರಿಕೆ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಕೋವಿ ಇಟ್ಟುಕೊಳ್ಳಲು ಪರವಾನಗಿ ಬೇಕು. ಅದನ್ನು ನಿಭಾಯಿಸಬೇಕಾದವರು ಪರವಾನಗಿ ಪಡೆದವರೇ. ಮಕ್ಕಳು ಅದನ್ನು ಮುಟ್ಟುವ ಮಾತೇ ಇಲ್ಲ. ದೊಡ್ಡವರೂ ನಳಿಗೆಯನ್ನು ಮಡಚಿ, ಒಳಗೆ ತೋಟಾ ಇಲ್ಲವೆಂದು ಕಣ್ಣಾರೆ ನೋಡಿ, ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟ ಮೇಲೆಯೇ ಒರೆಸುವ ಬಟ್ಟೆ ಹಿಡಿಯಬೇಕು. 'ಖಾಲಿ ಇದೆ' ಎಂದುಕೊಂಡ ಕೋವಿಯಿಂದಲೇ ಅನಾಹುತಗಳಾಗಿವೆ. ವಿದ್ಯಾರ್ಥಿಗಳು ಮುಂದಿನ ಲೆಕ್ಕವನ್ನು ಕದದ ಬಿಜಾಗರಿಯ ಸ್ಕ್ರೂ ಮೇಲೆ ಪರೀಕ್ಷಿಸಿದರೆ ಸಾಕು. ವಿಜ್ಞಾನ ಎರಡಕ್ಕೂ ಒಂದೇ.

ಬಲಯುಗ್ಮದ ಲೆಕ್ಕ

ಸ್ಕ್ರೂಡ್ರೈವರ್ ತಿರುಗಿಸುವುದೆಂದರೆ ಪಠ್ಯಪುಸ್ತಕದಲ್ಲಿ ಓದುವ ಬಲಯುಗ್ಮವೇ. ಒಂದು ಸ್ಕ್ರೂ ಬಿಚ್ಚಲು 3 ನ್ಯೂಟನ್-ಮೀಟರ್ ಬೇಕೆಂದಿಟ್ಟುಕೊಳ್ಳೋಣ. ಹಿಡಿಯ ದಪ್ಪ 3 ಸೆಂಟಿಮೀಟರ್ ಇದ್ದರೆ ಎದುರುಬದುರು ಬದಿಗಳಲ್ಲಿ ಕೈ ಹಾಕಬೇಕಾದ ಬಲ ತಲಾ 100 ನ್ಯೂಟನ್, ಅಂದರೆ ಸುಮಾರು 10 ಕಿಲೋಗ್ರಾಂ ತೂಕದಷ್ಟು. ಆದರೆ ಸೀಳಿನೊಳಗೆ ಅದೇ ಪರಿಣಾಮವನ್ನು ತುದಿಯ ಎರಡು ಮೂಲೆಗಳು ಹೊರಬೇಕು. ತುದಿಯ ಅಗಲ 6 ಮಿಲಿಮೀಟರ್ ಆದರೆ ಪ್ರತಿ ಮೂಲೆಯ ಮೇಲೆ ಹೆಚ್ಚುಕಡಿಮೆ 500 ನ್ಯೂಟನ್. ಟೆಸ್ಟರಿನಂತೆ 3 ಮಿಲಿಮೀಟರ್ ಆದರೆ 1,000 ನ್ಯೂಟನ್! ಅಗಲ ಅರ್ಧವಾದರೆ ಬಲ ಇಮ್ಮಡಿ. ಅದೂ ಗುಂಡುಸೂಜಿಯ ತಲೆಯಷ್ಟು ಜಾಗದ ಮೇಲೆ. ಸೀಳಿನ ಅಂಚು ಕಿತ್ತುಬರುವುದರಲ್ಲಿ ಆಶ್ಚರ್ಯವೇನು?

ಹಾಗೆಂದು ಸ್ಕ್ರೂ ತಲೆಗಿಂತ ಅಗಲವಾದದ್ದೂ ಬೇಡ. ಅದು ಸುತ್ತಲಿನ ಲೋಹವನ್ನು ಕೆರೆಯುತ್ತದೆ. ತುದಿ ತಲೆಯ ಅಗಲಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇರಬೇಕು.

ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಅಂಗಡಿಯ ಸಾಮಾನ್ಯ ಸ್ಕ್ರೂಡ್ರೈವರಿನ ತುದಿ ಬೆಣೆಯಂತೆ ಇಳಿಜಾರಾಗಿರುತ್ತದೆ. ಕೋವಿಯ ಸ್ಕ್ರೂವಿನ ಸೀಳಾದರೋ ಕಿರಿದು, ಅದರ ಗೋಡೆಗಳು ನೆಟ್ಟಗೆ. ಬೆಣೆ ಒಳಗೆ ಹೋದರೆ ಸೀಳಿನ ಮೇಲಿನ ತುಟಿಗೆ ಮಾತ್ರ ತಾಗುತ್ತದೆ, ತಳಕ್ಕೆ ಇಳಿಯುವುದಿಲ್ಲ. ತಿರುಗಿಸಿದಾಗ ಇಳಿಜಾರಿನಿಂದಾಗಿ ಬಲದ ಒಂದು ಪಾಲು ತುದಿಯನ್ನೇ ಮೇಲಕ್ಕೆ ತಳ್ಳುತ್ತದೆ. ಅದಕ್ಕೇ ಜಾರುವುದು. ಕೋವಿ ರಿಪೇರಿಯವರು ಬಳಸುವ ಸ್ಕ್ರೂಡ್ರೈವರಿನ ತುದಿಯ ಎರಡೂ ಮೈ ಒಳಕ್ಕೆ ಬಾಗಿ, ಕೊನೆಯಲ್ಲಿ ಸಮಾನಾಂತರವಾಗಿರುತ್ತವೆ. ಅದು ಸೀಳಿನ ತಳ ಮುಟ್ಟಿ, ಅಲುಗಾಡದೆ ನಿಲ್ಲುತ್ತದೆ.

ಅಂಥದ್ದು ಸಿಗದಿದ್ದರೆ ಒಳ್ಳೆಯ ಉಕ್ಕಿನ ಸಾಮಾನ್ಯ ಸ್ಕ್ರೂಡ್ರೈವರನ್ನೇ ಸಾಣೆ ಕಲ್ಲಿನ ಮೇಲೆ ನಿಧಾನವಾಗಿ ಉಜ್ಜಿ ಹೊಂದಿಸಿಕೊಳ್ಳಬಹುದು. ತಿರುಗುವ ಯಂತ್ರದ ಸಾಣೆಗೆ ಹಿಡಿದರೆ ಆಗಾಗ ನೀರಿನಲ್ಲಿ ಅದ್ದಬೇಕು. ತುದಿ ನೀಲಿ ಬಣ್ಣಕ್ಕೆ ತಿರುಗಿತೆಂದರೆ ಶಾಖ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ, ಉಕ್ಕಿನ ಹದ ಹೋಗಿದೆ ಎಂದರ್ಥ. ನಕ್ಷತ್ರದಂಥ ತಲೆಯ ಫಿಲಿಪ್ಸ್ ಸ್ಕ್ರೂ ಇದ್ದಿದ್ದರೆ ಈ ತಾಪತ್ರಯವಿಲ್ಲವಲ್ಲ ಎನ್ನಬಹುದು. ಆದರೆ ಅದು ಕಾರುಗಳ ಕಾರ್ಖಾನೆಗೆ ಬಂದದ್ದೇ 1936ರ ಹೊತ್ತಿಗೆ. ಅಜ್ಜನ ಕೋವಿ ಅದಕ್ಕಿಂತ ಹಳೆಯದಿರಬಹುದು.

ಮಳೆ, ತುಕ್ಕು, ಎಣ್ಣೆ

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಈ ತೇವದಲ್ಲಿ ಸ್ಕ್ರೂ ತುಕ್ಕು ಹಿಡಿಯದೆ ಇರುವುದೇ ಕಷ್ಟ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಆದುದರಿಂದ ಸ್ಕ್ರೂ ಎಳೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಪೂಜೆಯ ಕುಂಕುಮವನ್ನು ಸೀಳಿನಲ್ಲಿ ಹಾಗೇ ಬಿಟ್ಟರೆ ಅದೂ ತೇವ ಹಿಡಿದಿಟ್ಟುಕೊಳ್ಳುತ್ತದೆ. ಸಿಕ್ಕಿಕೊಂಡ ಸ್ಕ್ರೂವಿನ ಮೇಲೆ ಬಲ ಪ್ರಯೋಗ ಬೇಡ. ಸೀಳನ್ನು ಸೂಜಿಯಿಂದ ಚೊಕ್ಕಟ ಮಾಡಿ, ತುಕ್ಕು ಬಿಡಿಸುವ ಎಣ್ಣೆಯ ಎರಡು ಹನಿ ಬಿಟ್ಟು ರಾತ್ರಿಯಿಡೀ ಹಾಗೇ ಇಡಬೇಕು. ಮರುದಿನವೂ ಅಲುಗದಿದ್ದರೆ ಪರವಾನಗಿ ಇರುವ ಕೋವಿ ರಿಪೇರಿಯವರ ಬಳಿ ಒಯ್ಯುವುದೇ ಲೇಸು. ಬೀಗದ ಒಳಭಾಗವಂತೂ ಅವರ ಕೆಲಸವೇ.

ತೆಂಗಿನೆಣ್ಣೆ ಹಚ್ಚುವ ರೂಢಿ ಕೆಲವೆಡೆ ಇದೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಲೆನಾಡಿನ ಮಾರ್ಗಶಿರದ ಬೆಳಗಿನಲ್ಲಿ ಬಾಟಲಿಯನ್ನು ನೋಡಿದವರಿಗೆ ಇದು ಗೊತ್ತು. ಹೊಲಿಗೆ ಯಂತ್ರದ ತೆಳು ಎಣ್ಣೆಯೇ ವಾಸಿ, ಅದೂ ಒಂದೇ ಹನಿ.

ಬಿಚ್ಚಿದ ಸ್ಕ್ರೂಗಳನ್ನು ಬಟ್ಟಲಿಗೆ ಸುರಿಯಬಾರದು. ರಟ್ಟಿನ ಮೇಲೆ ಕೋವಿಯ ಚಿತ್ರ ಗೀಚಿ, ಸ್ಕ್ರೂ ಇದ್ದ ಜಾಗದಲ್ಲೇ ರಂಧ್ರ ಮಾಡಿ ಚುಚ್ಚಿಟ್ಟರೆ ಅದಲುಬದಲಾಗುವುದಿಲ್ಲ. ಉತ್ತಮ ದರ್ಜೆಯ ಇಂಗ್ಲಿಷ್ ಕೋವಿಗಳಲ್ಲಿ ಬಿಗಿಯಾದಾಗ ಸೀಳುಗಳೆಲ್ಲ ನಳಿಗೆಯ ಉದ್ದಕ್ಕೆ ಒಂದೇ ದಿಕ್ಕಿಗೆ ನಿಲ್ಲುವಂತೆ ಕೂರಿಸಿರುತ್ತಾರೆ. ಒಂದರ ಜಾಗಕ್ಕೆ ಇನ್ನೊಂದು ಹೋದರೆ ಸೀಳು ಓರೆಯಾಗಿ ನಿಂತು ಗುಟ್ಟು ಬಿಟ್ಟುಕೊಡುತ್ತದೆ. ಮರಳಿ ಕೂರಿಸುವಾಗ ಮೊದಲು ಎಡಕ್ಕೆ ಮೆಲ್ಲಗೆ ತಿರುಗಿಸಬೇಕು. ಎಳೆ ಎಳೆಗೆ ಸೇರಿ ಸ್ಕ್ರೂ 'ಟಕ್' ಎಂದು ಕೊಂಚ ಕೆಳಗಿಳಿದ ಮೇಲೆ ಬಲಕ್ಕೆ ತಿರುಗಿಸಿದರೆ ಬೆರಳಿನಿಂದಲೇ ಮುಕ್ಕಾಲು ಪಾಲು ಒಳಗೆ ಹೋಗುತ್ತದೆ.